ಒದ್ದೆ ಜಮಖಾನ

ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟಿನ ಕಿಟಕಿಗೆ ಬೆನ್ನು ಕೊಟ್ಟು ನಿಂತಿದ್ದ ದತ್ತಾತ್ರಿ ತನ್ನ ಮುಂಗೈಯನ್ನು ಯಾರಿಗೂ ಕಾಣದ ಹಾಗೆ ಹಿಂದಿನ ಕಬ್ಬಿಣದ ಸರಳಿಗೆ ಉಜ್ಜಿಕೊಂಡ. ಹಿಂದಿನ ಸಂಜೆ ದೋಣಿಯ ಹೊಟ್ಟೆಗೆ ಉಪ್ಪುಕಾಗದ ತಿಕ್ಕುವಾಗ ಎದ್ದ ಫೈಬರ್‌ಗ್ಲಾಸಿನ ಪುಡಿ ಎರಡು ಸಲ ಸ್ನಾನ ಮಾಡಿದರೂ ಹೋಗದೆ ಚರ್ಮದೊಳಗೆ ಬಿಡಾರ ಹೂಡಿತ್ತು. ಕಣ್ಣಿಗೆ ಕಾಣದ, ಬೆರಳಿಗೆ ಸಿಗದ ಗಾಜಿನ ನಾರು. ಇಲ್ಲಿ ಕೆರೆದರೆ ಅಲ್ಲಿ ಚುಚ್ಚುತ್ತಿತ್ತು. ಎದುರಿಗೆ ಬೆಳಗಿನ ಬ್ಯಾಚಿನವರು ಸಾಲಾಗಿ ಕೂತು ಕುಟ್ಟುತ್ತಿದ್ದರು. ಅಜ್ಜಂಪುರದ ಬಸ್‌ಸ್ಟ್ಯಾಂಡಿನ ಎದುರು ಮಾಳಿಗೆಯ ಮೇಲಿದ್ದ ಆ ಕೋಣೆಯಲ್ಲಿ ಆ ಸದ್ದು ಅವನಿಗೆ ಉಸಿರಿನಷ್ಟು ರೂಢಿ. ಯಾರ ಕಿರುಬೆರಳು ಸೋಮಾರಿಯಾಗಿದೆ ಎಂದು ಕಣ್ಣು ಮುಚ್ಚಿಕೊಂಡೇ ಹೇಳಬಲ್ಲ. ಇವತ್ತು ಮಾತ್ರ ಹಿಂದಿನ ಬೆಂಚಿನ ಸದ್ದು ಇದ್ದಕ್ಕಿದ್ದಂತೆ ನಿಂತಿತು, ಆಮೇಲೆ ಬಾಯಿ ಮುಚ್ಚಿಕೊಂಡ ನಗು. ಅವನು ಹತ್ತಿರ ಹೋದಾಗ ಒಬ್ಬ ಹುಡುಗಿ ಕಾಗದದ ಮೇಲೆ ಅಂಗೈ ಇಟ್ಟಳು. ಬೆರಳ ಸಂದಿಯಲ್ಲಿ ಇಂಗ್ಲಿಷಿನ ಒಂದು ವಾಕ್ಯ ಕಂಡಿತು: ದೋಣಿ ಕೆರೆಯಲ್ಲಿದೆ, ಕೆರೆ ದೋಣಿಯಲ್ಲಿದೆ. ಒಂದು ಅಕ್ಷರವೂ ತಪ್ಪಿಲ್ಲದೆ ಹೊಡೆದಿದ್ದಳು. ದತ್ತಾತ್ರಿಗೆ ಕಿವಿ ಬಿಸಿಯಾಯಿತು. ನಗಬೇಕೋ ಗದರಬೇಕೋ ತಿಳಿಯದೆ, ‘ಕಾಮಾ ಆದ್ಮೇಲೆ ಒಂದು ಸ್ಪೇಸ್ ಬಿಡಬೇಕಮ್ಮ’ ಎಂದು ಹೇಳಿ ಮತ್ತೆ ಕಿಟಕಿಗೆ ಬಂದು ನಿಂತ. ಹಾಗೆ ಹೇಳಿದ್ದು ಘನತೆಯಾಯಿತೋ ಇನ್ನೂ ಹೆಚ್ಚಿನ ನಗೆಪಾಟಲಾಯಿತೋ ಎಂದು ಯೋಚಿಸುತ್ತ ಮತ್ತೆ ಕೈ ಉಜ್ಜಿಕೊಂಡ. ಊರಿನಲ್ಲಿ ತನಗೆ ‘ದೋಣಿ ಮೇಷ್ಟ್ರು’ ಎಂದು ಹೆಸರು ಬಿದ್ದಿರುವುದು ಅವನಿಗೆ ಗೊತ್ತಿತ್ತು. ಹಾಲಿನವನು ಕೂಡ ಹಾಗೇ ಕರೆದು, ಕರೆದ ಮೇಲೆ ನಾಲಿಗೆ ಕಚ್ಚಿಕೊಂಡಿದ್ದ.

ತರೀಕೆರೆಯಿಂದ ಬರುವ ಬಸ್ಸು ಕೆಳಗೆ ನಿಂತು ಉಸ್ಸೆಂದಿತು. ಕಂಡಕ್ಟರ್ ಲಕ್ಕಣ್ಣ ಚೀಲ ತೂಗಾಡಿಸಿಕೊಂಡು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲೇ ನಿಂತ. ‘ಸಾರ್, ನಿಮ್ಮ ಮಾವನೋರು ಹೇಳ್ಕಳ್ಸಿದ್ರು. ಬರೋ ಭಾನುವಾರ ಅಲ್ಲ, ಅದರಾಚೆ ಭಾನುವಾರ ಬತ್ತಾರಂತೆ.’

‘ಯಾಕಂತೆ?’ ಎಂಬ ಮಾತು ದತ್ತಾತ್ರಿಯ ಬಾಯಿಂದ ಹೊರಟುಹೋಯಿತು. ಮಾವ ಬರುವುದಕ್ಕೆ ಕಾರಣ ಕೇಳುವ ಅಳಿಯ ಎಲ್ಲಾದರೂ ಉಂಟೇ ಎನ್ನುವಂತೆ ಲಕ್ಕಣ್ಣ ನೋಡಿದ.

‘ಅದೇನು ನಂಗೊತ್ತಿಲ್ಲ. ದೋಣಿ ಏನಾಯ್ತು ಅಂತ ಕೇಳಿದ್ರು ಅಷ್ಟೆ. ನಾನು, ಇನ್ನೂ ಹಿತ್ಲಲ್ಲೇ ಐತೆ, ಮೇಷ್ಟ್ರು ದಿನಾ ಉಜ್ತಾವ್ರೆ ಅಂದೆ.’

ದೋಣಿ ಏನಾಯ್ತು. ಆ ಎರಡು ಮಾತನ್ನು ಶಾಮಣ್ಣನವರು ಯಾವ ಧಾಟಿಯಲ್ಲಿ ಆಡಿರಬಹುದು ಎಂದು ದತ್ತಾತ್ರಿ ನಾಲ್ಕಾರು ಥರ ಆಡಿಸಿಕೊಂಡು ನೋಡಿದ. ತಾಲ್ಲೂಕು ಕಚೇರಿಯ ಶಿರಸ್ತೇದಾರರಾಗಿ ನಿವೃತ್ತರಾದ ಅವರು ‘ಫೈಲ್ ಏನಾಯ್ತು’ ಎಂದು ಗುಮಾಸ್ತರನ್ನು ಕೇಳಿದ್ದ ಧಾಟಿಯೇ ಎಲ್ಲದಕ್ಕಿಂತ ಸರಿಯಾಗಿ ಕೂರುತ್ತಿತ್ತು. ಅವರ ಕೈಕೆಳಗಿನ ಗುಮಾಸ್ತರಲ್ಲಿ ಎಷ್ಟೋ ಜನ ದತ್ತಾತ್ರಿಯ ಹತ್ತಿರವೇ ಟೈಪಿಂಗ್ ಕಲಿತು ಹೋದವರು. ಅವನಿಗೂ ಒಮ್ಮೆ ಸರ್ಕಾರಿ ನೌಕರಿಯ ಆರ್ಡರು ಬಂದಿತ್ತು. ಮದುವೆಯಾದ ಹೊಸತು. ಊರೂರು ವರ್ಗವಾಗುವ ಬದುಕು ಬೇಡ, ಇಲ್ಲೇ ಮಷೀನು ಹಾಕಿಕೊಂಡು ಕೂರುತ್ತೇನೆ ಎಂದಾಗ ಶಾಮಣ್ಣನವರು ಏನೂ ಅನ್ನದೆ ಊಟದ ಎಲೆ ಮಡಿಚಿದ್ದರು. ಅವತ್ತಿನಿಂದ ಮಾವ ಅಳಿಯನ ನಡುವೆ ಮಡಿಚಿದ ಎಲೆಯ ಹಾಗಿನ ಒಂದು ಮರ್ಯಾದೆ. ಬನ್ನಿ, ಕೂತ್ಕೊಳ್ಳಿ, ಮಳೆ ಹೇಗೆ, ಅಷ್ಟೆ. ಅಂಥವರು ಈ ದೋಣಿಯ ಸುದ್ದಿ ಕೇಳಿ, ‘ನಾನೂ ನೋಡಬಹುದೋ’ ಎಂದು ಮಗಳ ಹತ್ತಿರ ಹೇಳಿ, ಒಂದು ಭಾನುವಾರ ಬಿಳಿ ಕೋಟು ಇಸ್ತ್ರಿ ಮಾಡಿಸಿಕೊಂಡು ಬಂದಿದ್ದರು.

ದೋಣಿ ಅವನದಾದದ್ದೇ ಒಂದು ವಿಚಿತ್ರ. ಮಂಗಳೂರು ಕಡೆಯ ಡಾಕ್ಟರೊಬ್ಬರು ಅಜ್ಜಂಪುರದ ಆಸ್ಪತ್ರೆಗೆ ವರ್ಗವಾಗಿ ಬಂದವರು ಲಾರಿಯಲ್ಲಿ ಮಂಚ ಬೀರುಗಳ ಜೊತೆ ಈ ಹಳೆಯ ಹಾಯಿದೋಣಿಯನ್ನೂ ತಂದಿದ್ದರು. ಎರಡಾಳುದ್ದದ, ಒಂದು ಕಾಲದಲ್ಲಿ ನೀಲಿಯಾಗಿದ್ದ ದೋಣಿ. ಅವರು ಒಂದು ದಿನ ಬುಕ್ಕಾಂಬುಧಿ ಕೆರೆಗೆ ದತ್ತಾತ್ರಿಯನ್ನು ಕರೆದುಕೊಂಡು ಹೋಗಿ, ‘ಇದನ್ನು ಹಿಡಿದುಕೊಳ್ಳಿ’ ಎಂದು ಹಾಯಿಯ ಹಗ್ಗ ಕೈಗೆ ಕೊಟ್ಟರು. ಗಾಳಿ ತುಂಬಿದಾಗ ಆ ಹಗ್ಗ ಕರು ಎಳೆದ ಹಾಗೆ ಎಳೆಯಿತು. ಎಂಜಿನ್ನಿಲ್ಲ, ಹುಟ್ಟು ಹಾಕುವವರಿಲ್ಲ. ಏರಿಯ ಮೇಲಿನ ಮರಗಳು ತಾವಾಗಿ ಹಿಂದೆ ಹೋಗುತ್ತಿದ್ದವು. ನಲವತ್ತು ದಾಟಿದ ದತ್ತಾತ್ರಿ ಕಾರಣವಿಲ್ಲದೆ ಗಟ್ಟಿಯಾಗಿ ನಕ್ಕುಬಿಟ್ಟಿದ್ದ, ಡಾಕ್ಟರು ತಿರುಗಿ ನೋಡುವಷ್ಟು. ಆ ವರ್ಷವೇ ಅವರಿಗೆ ಬೀದರಿಗೆ ವರ್ಗವಾಯಿತು. ‘ಬೀದರಿಗೆ ಇದನ್ನು ತಗೊಂಡು ಹೋಗಿ ಏನು ಮಾಡಲಿ ಮಾರಾಯ್ರೆ, ನೀವೇ ಇಟ್ಟುಕೊಳ್ಳಿ. ಸ್ವಲ್ಪ ಸೋರುತ್ತದೆ, ನೋಡಿಕೊಳ್ಳಿ’ ಎಂದು ಹಿತ್ತಿಲಲ್ಲಿ ಇಳಿಸಿ ಹೋದರು.

ಸ್ವಲ್ಪ ಸೋರುತ್ತದೆ. ಬ್ಯಾಚು ಮುಗಿದು ಹುಡುಗಿಯರು ಮಷೀನುಗಳಿಗೆ ಹೊದಿಕೆ ಹಾಕುತ್ತಿದ್ದಾಗಲೂ ದತ್ತಾತ್ರಿ ಅದೇ ಮಾತಿನ ಸುತ್ತ ಸುತ್ತುತ್ತಿದ್ದ. ದೀಪಾವಳಿ ಕಳೆದ ಮೇಲಿನ ಆ ಭಾನುವಾರ, ಬುಕ್ಕಾಂಬುಧಿಯ ಏರಿಯ ಮೇಲೆ ಅರ್ಧ ಊರೇ ನೆರೆದಿತ್ತು. ಮಾವ ಬರುವುದಕ್ಕೆ ಸ್ವಲ್ಪ ಮುಂಚೆ ದೋಣಿಯನ್ನು ನೀರಿಗೆ ತಳ್ಳಿ ಕಟ್ಟಿದಾಗ, ಗಾಳಿಗೆ ದೋಣಿ ಅಡ್ಡ ಜಾರದಂತೆ ನೀರಿಗೆ ಇಳಿಬಿಡುವ ನಡುಹಲಗೆಯ ಗೂಡಿನ ಪಕ್ಕದಲ್ಲಿ ಒಂದು ತೇವದ ಕಲೆ ಕಂಡಿತ್ತು. ಅವನು ನೋಡುತ್ತಿದ್ದ ಹಾಗೇ ಅದು ಅಂಗೈಯಗಲವಾಯಿತು, ಆಮೇಲೆ ತಟ್ಟೆಯಗಲವಾಗಿ ಬಿಸಿಲಿಗೆ ಮಿನುಗಿತು. ಆಗ ಹೇಳಬಹುದಿತ್ತು. ಇವತ್ತು ಬೇಡ ಎನ್ನಬಹುದಿತ್ತು. ಏರಿಯ ಮೇಲೆ ಬಿಳಿ ಕೋಟು ಇಳಿದು ಬರುತ್ತಿರುವುದು ಕಂಡು ಅವನ ಕೈ ತಾನಾಗಿ ಜಮಖಾನ ಎತ್ತಿಕೊಂಡು ಆ ನೀರಿನ ಮೇಲೆ ನೀಟಾಗಿ ಹಾಸಿತು. ಆ ಜಮಖಾನದ ಮೇಲೇ ಮಾವನನ್ನು ಕೂರಿಸಿದ. ಕೂತಾಗ ಅವರ ಮುಖದಲ್ಲಿ ಒಂದು ಸಣ್ಣ ಬದಲಾವಣೆ ಆಯಿತು. ಹುಬ್ಬು ಮೇಲೆ ಹೋಗಿ ಮತ್ತೆ ಇಳಿಯಿತು. ಏನೂ ಅನ್ನಲಿಲ್ಲ. ಕೊಡೆ ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡು ನೇರವಾಗಿ ಮುಂದೆ ನೋಡಿದರು. ದೋಣಿ ದಡ ಬಿಟ್ಟಿತು, ಗಾಳಿ ಹಿಡಿಯಿತು, ಸ್ವಲ್ಪ ದೂರ ಚೆನ್ನಾಗಿಯೇ ಹೋಯಿತು. ಆಮೇಲೆ ಭಾರವಾಯಿತು. ನೀರು ಜಮಖಾನವನ್ನು ಎತ್ತಿಕೊಂಡು ಮೇಲೆ ಬಂತು, ದಡದಲ್ಲಿ ಮೈ ತೊಳೆಸಿಕೊಳ್ಳುತ್ತಿದ್ದ ಎಮ್ಮೆಗಳ ಹತ್ತಿರವೇ ದೋಣಿ ಅಂಚಿನವರೆಗೆ ತುಂಬಿಕೊಂಡು ಕೂತಿತು. ಸೊಂಟದವರೆಗಿನ ನೀರಿನಲ್ಲಿ ಶಾಮಣ್ಣನವರು ಕೋಟು ಹಾಕಿಕೊಂಡು ನಿಂತಿದ್ದರು, ಕೊಡೆಯನ್ನು ತಲೆಯ ಮೇಲೆ ಎತ್ತಿ ಹಿಡಿದು. ತೂಬು ನೋಡಿಕೊಳ್ಳುವ ನೀರುಗಂಟಿ ಉಗ್ರಪ್ಪ ಓಡಿ ಬಂದು ಅವರನ್ನು ಬೆನ್ನ ಮೇಲೆ ಹೊತ್ತುಕೊಂಡು ದಡ ಸೇರಿಸಿದ. ಏರಿಯ ಮೇಲೆ ಯಾರೋ ಸಿಳ್ಳೆ ಹಾಕಿದರು. ಬಸ್ಸು ಹತ್ತಿ ಹೋದ ಶಾಮಣ್ಣನವರು ಆಮೇಲೆ ಇತ್ತ ಬಂದಿರಲಿಲ್ಲ. ಸಂಕ್ರಾಂತಿಗೂ ಬರಲಿಲ್ಲ.

ಅವರು ಯಾಕೆ ಏನೂ ಅನ್ನಲಿಲ್ಲ? ಇದೇ ದತ್ತಾತ್ರಿಯ ಬೆನ್ನು ಬಿಡದ ಪ್ರಶ್ನೆ. ಕೂತ ತಕ್ಷಣ ಪಂಚೆ ಒದ್ದೆಯಾಗಿರಬೇಕು. ‘ಏನ್ರೀ ಇದು’ ಎಂದು ಒಂದು ಮಾತು ಗದರಿದ್ದರೆ ಎಷ್ಟೋ ಹಗುರಾಗುತ್ತಿತ್ತು. ತನ್ನಿಂದ ಇದಕ್ಕಿಂತ ಹೆಚ್ಚಿನದನ್ನು ಅವರು ನಿರೀಕ್ಷಿಸಿಯೇ ಇರಲಿಲ್ಲವೇನೋ. ಹದಿನೈದು ವರ್ಷದಿಂದ ಅಳಿಯ ಎಂಬ ಒದ್ದೆಯ ಮೇಲೆ ಕೂತು ಅಭ್ಯಾಸವಾದವರಿಗೆ ಇನ್ನೊಂದು ಒದ್ದೆ ಏನು ಮಹಾ.

ಊಟಕ್ಕೆ ಮನೆಗೆ ಬಂದಾಗ ಬೀದಿಯಲ್ಲಿ ಕೊಡಗಳ ಜಾತ್ರೆ. ಬಹಳ ದಿನದ ಮೇಲೆ ನಲ್ಲಿಯಲ್ಲಿ ನೀರು ಬಿಟ್ಟಿದ್ದರು. ಅದೂ ಇವತ್ತು ಯಾರ ಪುಣ್ಯವೋ, ರಭಸದಿಂದ. ದತ್ತಾತ್ರಿ ಕೊಡಗಳ ನಡುವೆ ಪಂಚೆ ಎತ್ತಿಕೊಂಡು ದಾರಿ ಮಾಡಿಕೊಂಡು ಒಳಗೆ ಹೋಗಿ ಹಿತ್ತಿಲ ಬಾಗಿಲಲ್ಲಿ ನಿಂತುಬಿಟ್ಟ. ಇನ್‌ಸ್ಟಿಟ್ಯೂಟಿನ ಹಳೆಯ ಬೆಂಚುಗಳ ಮೇಲೆ ಅವನು ಬೆಳಿಗ್ಗೆ ಒಣಗಲೆಂದು ಮೇಲ್ಮುಖವಾಗಿ ಕೂರಿಸಿ ಹೋಗಿದ್ದ ದೋಣಿಯೊಳಗೆ ನೀರು ಇತ್ತು. ಹೆಂಡತಿ ಶಾರದಾಂಬಾ ಸೆರಗು ಸಿಕ್ಕಿಸಿಕೊಂಡು ಒಂದು ಕೊಡ ಸುರಿದಳು. ಪಕ್ಕದ ಮನೆಯ ಈರಕ್ಕ ಅವಳ ಹಿಂದೆಯೇ ಇನ್ನೊಂದು ಸುರಿದಳು. ಒಳಗೆ ಗೇಣುದ್ದ ನಿಂತಿದ್ದ ನೀರಿನಲ್ಲಿ ಆಕಾಶ, ಕರಿಬೇವಿನ ಗಿಡ, ಈರಕ್ಕನ ಮೂಗುತಿ ಎಲ್ಲ ಅಲುಗಾಡುತ್ತಿದ್ದವು.

‘ಏನಿದು?’ ಎಂದ ದತ್ತಾತ್ರಿ.

‘ಹಂಡೆ, ಡ್ರಮ್ಮು, ಒರಳುಕಲ್ಲು ಎಲ್ಲಾ ತುಂಬಿ ಆಯ್ತು’ ಎಂದಳು ಶಾರದಾಂಬಾ ಉಸಿರು ತೆಗೆದುಕೊಳ್ಳುತ್ತ. ‘ನೀರು ಇನ್ನೂ ಬರ್ತಾನೇ ಇದೆ, ಬಿಡಕ್ಕಾಗತ್ಯೆ? ನಿಮ್ಮ ದೋಣಿ ನೀರಿನ ಮೇಲಂತೂ ತೇಲಲಿಲ್ಲ. ನೀರನ್ನಾದ್ರೂ ಹಿಡ್ಕೊಳ್ಳಲಿ ಅಂತ.’

‘ನಮ್ಮನೇದೂ ಒಂದೀಟು ಹಾಕಿವ್ನಿ ಸಾಮಿ’ ಎಂದಳು ಈರಕ್ಕ. ‘ಸಂಜಿಗೆ ಹಸೀಗೆ ಕುಡಿಸ್ಕಂಡು ಹೋಯ್ತೀನಿ. ಬಾನಿಗಿಂತ ಚೆಂದಾಗೈತೆ ಇದು.’

ಗಾಳಿಯನ್ನು ಹಿಡಿದು ಓಡಬೇಕಾದದ್ದು ಹಸುವಿನ ಬಾನಿಯಾಯಿತು. ಕೂಗಾಡೋಣವೆಂದರೆ ಈರಕ್ಕ ಎದುರಿಗೇ ಇದ್ದಾಳೆ; ಸುಮ್ಮನಿರೋಣವೆಂದರೆ ಹೆಂಡತಿಯ ಕಣ್ಣಿನಲ್ಲಿ ಆ ನಗು. ಅವಳ ನಗುವಿನಲ್ಲಿ ಹಗೆ ಇರಲಿಲ್ಲ, ಅದೇ ಅವನಿಗೆ ಹೆಚ್ಚು ಚುಚ್ಚಿತು. ಅಪ್ಪ ಬಾರದೆ ಹೋದ ಸಂಕ್ರಾಂತಿಯಲ್ಲಿ ಅವಳು ಎಳ್ಳು ಬೆಲ್ಲದ ಡಬ್ಬಿಯನ್ನು ಲಕ್ಕಣ್ಣನ ಕೈಯಲ್ಲಿ ಕೊಟ್ಟು ಕಳಿಸಿ, ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ನಿಂತಿದ್ದಳು. ದತ್ತಾತ್ರಿ ಹೋಗಿ ದೋಣಿಯ ಪಕ್ಕ, ಅವರಿಬ್ಬರಿಗೂ ಮುಖ ಕಾಣದ ಕಡೆ, ಬಾಳೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತ. ಸುಮ್ಮನೆ ನೆಲ ನೋಡುತ್ತ ಕೂತ. ನೆಲದ ಮೇಲೆ ಒಂದು ಹನಿ ಬಿತ್ತು.

ಅವನು ಮೊದಲು ಅದು ತನ್ನ ಕಣ್ಣಿನದೇ ಇರಬೇಕೆಂದುಕೊಂಡು ನಾಚಿದ. ಇನ್ನೊಂದು ಹನಿ ಬಿತ್ತು, ಅದೇ ಜಾಗದಲ್ಲಿ. ತಲೆ ಎತ್ತಿ ನೋಡಿದ. ದೋಣಿಯ ತಳದ ನಡುವೆ, ನಡುಹಲಗೆ ಇಳಿಯುವ ಸೀಳಿನ ತುದಿಯಿಂದ, ನೀರು ಮುತ್ತಿನ ಹಾಗೆ ಗುಂಡಗಾಗಿ, ತೂಗಿ, ಬೀಳುತ್ತಿತ್ತು. ದತ್ತಾತ್ರಿ ಬೆಂಚಿನ ಕೆಳಗೆ ಅಂಗಾತ ತೆವಳಿದ. ಹಿಂಭಾಗದಲ್ಲಿ ಚುಕ್ಕಾಣಿ ಸಿಕ್ಕಿಸುವ ತಗಡಿನ ಸ್ಕ್ರೂಗಳ ಸುತ್ತ ಸಣ್ಣಗೆ ಬೆವರಿದಂತೆ ಒದ್ದೆ. ಇನ್ನೊಂದು ಕಡೆ, ಬಣ್ಣದ ಕೆಳಗೆ, ಕೂದಲೆಳೆಯಷ್ಟು ತೆಳುವಾದ ಬಿರುಕು. ಬೆರಳಿನಿಂದ ಒರೆಸಿದರೆ ಒಣಗಿದ ಹಾಗೆ ಕಂಡು ಮತ್ತೆ ನಿಧಾನವಾಗಿ ಕಪ್ಪಾಗುತ್ತಿತ್ತು. ಇಷ್ಟು ವಾರ ಅವನು ಹೊರಗಿನಿಂದ ಕಾಣುತ್ತಿದ್ದ ದೊಡ್ಡ ಗೀರು, ತರಚು, ಹಳೆಯ ತೇಪೆಗಳನ್ನೆಲ್ಲ ಹುಡುಕಿ ಹುಡುಕಿ ಉಜ್ಜಿ ಮೆತ್ತಿದ್ದ. ಅವು ಒಂದೂ ಸೋರುತ್ತಿರಲಿಲ್ಲ. ನೀರು ಎಲ್ಲಿಂದ ಒಳಗೆ ಬರುತ್ತದೆ ಎಂದು ತಲೆ ಕೆಡಿಸಿಕೊಂಡವನಿಗೆ, ಒಳಗೆ ನೀರು ಹಾಕಿ ಎಲ್ಲಿಂದ ಹೊರಗೆ ಹೋಗುತ್ತದೆ ನೋಡೋಣ ಎಂಬುದು ಹೊಳೆದೇ ಇರಲಿಲ್ಲ.

‘ಶಾರದಾ’ ಎಂದು ಕೆಳಗಿನಿಂದ ಕೂಗಿದ. ‘ಇನ್ನೊಂದೆರಡು ಕೊಡ ಹಾಕು.’

ಶಾರದಾಂಬಾ ಬಗ್ಗಿ ನೋಡಿದಳು. ಅಳಿಯನಂತೆ, ಮೇಷ್ಟರಂತೆ ದಿನವಿಡೀ ನೇರವಾಗಿ ಓಡಾಡುವ ಗಂಡ ಅಂಗಾತ ಮಲಗಿ, ಹಣೆಯ ಮೇಲೆ ಬೀಳುವ ಹನಿಗೆ ಕಣ್ಣು ಪಿಳುಕಿಸುತ್ತ, ಕಿವಿಯಿಂದ ಕಿವಿಗೆ ನಗುತ್ತಿದ್ದ. ‘ಈರಕ್ಕ, ಇವರಿಗೇನೋ ಆಗಿದೆ ಬಾರೆ’ ಎಂದಳು.

‘ಸೀಮೆಸುಣ್ಣ ತಗೊಂಬಾ. ಬೇಗ. ಇಲ್ಲಿ, ಇಲ್ಲಿ, ಅಲ್ಲಿ ಹಿಂದೆ. ಗುರುತು ಹಾಕ್ಬೇಕು.’

ಆವತ್ತು ಅವನು ಮಧ್ಯಾಹ್ನದ ಬ್ಯಾಚಿಗೆ ತಡವಾಗಿ ಹೋದ, ತಲೆಯಲ್ಲಿ ಮಣ್ಣು, ಅಂಗಿಯ ಬೆನ್ನು ಒದ್ದೆ. ಹಿಂದಿನ ಬೆಂಚು ಮತ್ತೆ ಕಿಸಕ್ಕೆಂದಿತು. ಅವನಿಗೆ ಕೇಳಿಸಿತು, ಆದರೆ ಅದು ಬೇರೆ ಯಾರದೋ ಮನೆಯ ಮದುವೆಯ ವಾಲಗದ ಹಾಗೆ ಕೇಳಿಸಿತು.

ಕಡೂರಿನಲ್ಲಿ ಬಸ್ಸುಗಳಿಗೆ ಬಾಡಿ ಕಟ್ಟುವ ಶೆಡ್ಡಿನಿಂದ ರಾಳ, ಅದನ್ನು ಗಟ್ಟಿ ಮಾಡುವ ದ್ರಾವಣ, ಗಾಜಿನ ನಾರಿನ ಬಟ್ಟೆ ತಂದ. ದೋಣಿಯ ನೀರನ್ನು ಈರಕ್ಕನ ಹಸು ಒಂದಷ್ಟು ಕುಡಿದು, ಉಳಿದದ್ದು ಬಾಳೆಗೆ ಹೋಯಿತು. ಬಿಸಿಲಿಗೆ ಒಣಗಿದ ಮೇಲೆ ದತ್ತಾತ್ರಿ ಬಿರುಕುಗಳನ್ನು ಕೆರೆದು ಅಗಲ ಮಾಡಿದ, ಸ್ಕ್ರೂ ಬಿಚ್ಚಿದ. ಮೊದಲ ಸಲದ ರಾಳವನ್ನು ಅವಸರದಲ್ಲಿ ಅಡುಗೆಮನೆಯ ಒಂದು ಚೊಂಬಿನಲ್ಲೇ ಕಲಸಿ, ಬೇಗ ಗಟ್ಟಿಯಾಗಲಿ ಎಂದು ದ್ರಾವಣವನ್ನು ಧಾರಾಳವಾಗಿ ಸುರಿದ. ಚೊಂಬು ಕೈ ಸುಡುವಷ್ಟು ಬಿಸಿಯಾಗಿ, ಹೊಗೆ ಬಂದು, ಕಲಸುತ್ತಿದ್ದ ಕಡ್ಡಿ ಹಾಗೇ ನೆಟ್ಟಗೆ ನಿಂತುಬಿಟ್ಟಿತು. ಹಣ್ಣಾದ ಹಲಸನ್ನು ಸೀಮೆಎಣ್ಣೆಯಲ್ಲಿ ಅದ್ದಿದಂಥ ವಾಸನೆ ಮನೆ ತುಂಬ ತುಂಬಿತು. ಶಾರದಾಂಬಾ ಬಂದು ಕಡ್ಡಿ ಹಿಡಿದು ಎತ್ತಿದಳು, ಜೊತೆಗೆ ಚೊಂಬೂ ಎದ್ದು ಬಂತು.

‘ಇದು ನಮ್ಮಮ್ಮ ಕೊಟ್ಟಿದ್ದು’ ಎಂದಳು.

ಅವಳು ಚೊಂಬನ್ನು ತಿರುಗಿಸಿ ತಿರುಗಿಸಿ ನೋಡಿ, ‘ಇರಲಿ, ಬಾಗಿಲಿಗೆ ಅಡ್ಡ ಇಡಕ್ಕೆ ಆಗತ್ತೆ’ ಎಂದು ಒಳಗೆ ಹೋಗಿ ತೆಂಗಿನ ಚಿಪ್ಪುಗಳನ್ನು ತಂದು ಸಾಲಾಗಿ ಇಟ್ಟಳು. ‘ಸ್ವಲ್ಪ ಸ್ವಲ್ಪ ಕಲಸಿ. ಒಂದೇ ಸಲಕ್ಕೆ ಮದುವೆ ಅಡುಗೆ ಮಾಡೋರ ಹಾಗೆ ಯಾಕೆ.’ ಆಮೇಲೆ ಅವಳು ಹೋಗಲೇ ಇಲ್ಲ. ಹೊಲಿಗೆಯ ಕತ್ತರಿಯಲ್ಲಿ ಗಾಜಿನ ಬಟ್ಟೆಯನ್ನು ಅಳತೆಗೆ ಕತ್ತರಿಸಿಕೊಟ್ಟಳು. ಅವನು ರಾಳ ಬಳಿದು, ಬಟ್ಟೆ ಇಟ್ಟು, ಕುಂಚದಿಂದ ತಟ್ಟಿ ತಟ್ಟಿ ಗಾಳಿಯ ಗುಳ್ಳೆಗಳನ್ನು ಓಡಿಸಿದ. ಬಿಳಿ ಬಟ್ಟೆ ರಾಳ ಕುಡಿದು ಕಣ್ಣೆದುರಿಗೇ ಪಾರದರ್ಶಕವಾಗಿ, ಇಲ್ಲವಾಗಿ ಹೋಗುವುದನ್ನು ಇಬ್ಬರೂ ಬಗ್ಗಿ ನೋಡಿದರು. ಅವಳ ಮುಂಗೈಗೂ ತುರಿಕೆ ಹತ್ತಿತು. ಸಂಜೆ ಜಗುಲಿಯಲ್ಲಿ ಕೂತು ಒಬ್ಬರ ಕೈಗೊಬ್ಬರು ಕೊಬ್ಬರಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಾಗ, ಹಾದಿಯಲ್ಲಿ ಹೋಗುತ್ತಿದ್ದ ಯಾರೋ ಹಿರಿಯರು ಕೆಮ್ಮಿ ಮುಖ ಆ ಕಡೆ ತಿರುಗಿಸಿಕೊಂಡು ಹೋದರು. ಶಾರದಾಂಬಾ ನಕ್ಕು ಬಿಕ್ಕಳಿಸಿದಳು. ಇಷ್ಟು ವರ್ಷದಲ್ಲಿ ಅವಳ ಜೊತೆ ಒಂದೇ ಕೆಲಸದ ಮೇಲೆ ಬಗ್ಗಿದ್ದು ಇದೇ ಮೊದಲೇನೋ ಎಂದು ದತ್ತಾತ್ರಿಗೆ ಅನ್ನಿಸಿತು. ಅವಳ ಬೆರಳುಗಳು ಇಷ್ಟು ಚುರುಕು ಎಂದು, ಊರಿಗೆಲ್ಲ ಬೆರಳು ತಿದ್ದುವ ತನಗೆ ಗೊತ್ತೇ ಇರಲಿಲ್ಲವಲ್ಲ.

‘ಅಣ್ಣ ಬಂದಾಗ ಏನಂತಾರೋ’ ಎಂದ. ಶಾರದಾಂಬಾ ತಂದೆಯನ್ನು ಅಣ್ಣ ಎಂದೇ ಕರೆಯುತ್ತಿದ್ದಳು. ಅವಳೆದುರು ಅವನೂ ಹಾಗೇ ಅನ್ನುತ್ತಿದ್ದ.

‘ಏನೂ ಅನ್ನಲ್ಲ. ಅದೇ ಅಲ್ವೆ ನಿಮಗಿಬ್ಬರಿಗೂ ಇರೋ ಕಾಯಿಲೆ’ ಎಂದಳು ಅವಳು, ಎಣ್ಣೆಯ ಬಟ್ಟಲು ಎತ್ತಿಕೊಂಡು ಏಳುತ್ತ.

ರಾಳ ಒಣಗಿದ ಮೇಲೆ ಮತ್ತೆ ನೀರು ತುಂಬಿಸಿ ನೋಡಿದ. ಒಂದು ರಾತ್ರಿ, ಒಂದು ಹಗಲು. ಕೆಳಗೆ ಹಾಸಿದ್ದ ಹಳೆಯ ಟೈಪಿಂಗ್ ಕಾಗದಗಳ ಮೇಲೆ ಒಂದು ಕಲೆಯೂ ಬೀಳಲಿಲ್ಲ.

ಭಾನುವಾರ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ದೋಣಿ ಮುಂದೆ ಹೋಯಿತು. ಮಾವ, ಮಗಳು, ಅಳಿಯ ಅದರ ಹಿಂದೆಯೇ ಬಸ್ಸಿನಲ್ಲಿ ಬಂದು ಬುಕ್ಕಾಂಬುಧಿಯಲ್ಲಿ ಇಳಿದರು. ಶಾಮಣ್ಣನವರು ಈ ಸಲ ಕೋಟು ಹಾಕಿರಲಿಲ್ಲ. ಅಂಗಿ, ಪಂಚೆ, ಹೆಗಲ ಮೇಲೆ ಟವೆಲು. ಬೆಳಿಗ್ಗೆ ಬಂದವರು ಕಾಫಿ ಕುಡಿಯುವಾಗ, ‘ಮಳೆ ಆಗಬಹುದು ಈ ಸಲ’ ಎಂದಿದ್ದರು, ಅಷ್ಟೆ. ಅವರು ಕೋಟು ಹಾಕದೆ ಬಂದದ್ದು ದತ್ತಾತ್ರಿಗೆ ಬಸ್ಸಿನುದ್ದಕ್ಕೂ ಚುಚ್ಚುತ್ತಿತ್ತು: ಮುಳುಗಲು ತಯಾರಾಗಿ ಬಂದಿದ್ದಾರೆ. ಏರಿಯ ಮೇಲೆ ಜನ ಹೋದ ಸಲಕ್ಕಿಂತ ಹೆಚ್ಚಿಗೆ ಇದ್ದರು. ಒಮ್ಮೆ ಮುಳುಗಿದ ದೋಣಿಯನ್ನು ನೋಡುವ ಉತ್ಸಾಹವೇ ಬೇರೆ. ಬೆಳಗಿನ ಬ್ಯಾಚಿನ ಹುಡುಗಿಯರೂ ಬಂದಿದ್ದರು. ಉಗ್ರಪ್ಪ ಪಂಚೆ ಮೇಲಕ್ಕೆ ಕಟ್ಟಿಕೊಂಡು ನೀರಿನಂಚಿನಲ್ಲೇ ನಿಂತಿದ್ದ.

‘ನಾನು ಇಲ್ಲೇ ಇರ್ತೀನಿ ಸಾಮಿ’ ಎಂದ ಅವನು ಶಾಮಣ್ಣನವರಿಗೆ, ಸಮಾಧಾನ ಹೇಳುವವನಂತೆ. ‘ಬೆನ್ನು ಗಟ್ಟಿ ಐತೆ.’

ಶಾಮಣ್ಣನವರ ಕತ್ತು ಕೆಂಪಗಾಯಿತು. ಅವರು ದೋಣಿಯೊಳಗೆ ಕಾಲಿಟ್ಟು, ಹಲಗೆಯ ಮೇಲೆ ಅಲ್ಲ, ನೇರವಾಗಿ ತಳದಲ್ಲೇ ಚಕ್ಕಂಬಕ್ಕಳ ಹಾಕಿ ಕೂತರು. ಈ ಸಲ ಏನೂ ಹಾಸಿರಲಿಲ್ಲ. ದತ್ತಾತ್ರಿ ನಡುಹಲಗೆ ಇಳಿಸಿ, ಚುಕ್ಕಾಣಿಯ ಹಿಡಿ ಹಿಡಿದು, ಹಗ್ಗ ಎಳೆದ. ಹಾಯಿ ಎರಡು ಸಲ ಪಟಪಟ ಬಡಿದುಕೊಂಡು ಹೊಟ್ಟೆ ತುಂಬಿಸಿಕೊಂಡಿತು. ದೋಣಿ ಹೊರಟಿತು. ಅವನ ಕಣ್ಣು ಮುಂದಿನ ನೀರಿನ ಮೇಲೆ ಇರಬೇಕಿತ್ತು; ಅದು ಮಾವನ ಪಂಚೆಯ ಅಂಚಿನ ಮೇಲೇ ಇತ್ತು. ಎಮ್ಮೆಗಳು ಹಿಂದೆ ಉಳಿದವು. ಉಗ್ರಪ್ಪ ಹಿಂದೆ ಉಳಿದ. ಹೋದ ಸಲ ಭಾರವಾದ ಜಾಗ ದಾಟಿತು, ಪಂಚೆಯ ಅಂಚು ಬೆಳ್ಳಗೇ ಇತ್ತು. ಏರಿಯ ಮೇಲಿನ ಗದ್ದಲ ಸಣ್ಣದಾಗುತ್ತ ಬಂದು, ಕೊನೆಗೆ ದೋಣಿಯ ಹೊಟ್ಟೆಗೆ ನೀರು ತಟ್ಟುವ ಸದ್ದು ಮಾತ್ರ ಉಳಿಯಿತು.

ಶಾಮಣ್ಣನವರು ತಮ್ಮ ಎರಡೂ ಅಂಗೈಗಳನ್ನು ತಳದ ಮೇಲೆ ಊರಿ, ಎತ್ತಿ ನೋಡಿಕೊಂಡರು. ‘ಒಣಗಿದೆ’ ಎಂದರು.

ದತ್ತಾತ್ರಿಗೆ ಇಷ್ಟು ದಿನ ಒಳಗೇ ಕಲಸಿಕೊಂಡಿದ್ದ ಮಾತು ಈಗ ಹೇಳದಿದ್ದರೆ ಚೊಂಬಿನಲ್ಲಿ ಗಟ್ಟಿಯಾದ ಹಾಗೆ ಕೂತುಬಿಡುತ್ತದೆ ಎನ್ನಿಸಿತು. ‘ಆವತ್ತು ನೀರು ಬರ್ತಿರೋದು ನನಗೆ ಮೊದಲೇ ಕಂಡಿತ್ತು’ ಎಂದ. ‘ಕಂಡೂ ಅದರ ಮೇಲೆ ಜಮಖಾನ ಹಾಸಿದೆ.’

‘ಹಾಸಿದ್ದು ನೋಡಿದೆ ಕಣ್ರೀ’ ಎಂದರು ಶಾಮಣ್ಣನವರು. ‘ಏರಿ ಇಳೀತಾ ಇರುವಾಗಲೇ ನೋಡಿದೆ. ಇಡೀ ಆಯುಷ್ಯ ಕಚೇರಿಯಲ್ಲಿ ಕಳೆದೋನು ನಾನು. ಮೇಲೆ ನೀಟಾಗಿ ಹಾಸಿದ್ದು ಕಂಡ್ರೆ ಕೆಳಗೆ ಏನೋ ಇದೆ ಅಂತ ಗೊತ್ತಾಗಲ್ವೆ?’

‘ಮತ್ತೆ ಯಾಕೆ ಕೂತ್ರಿ? ಯಾಕೆ ಏನೂ ಅನ್ನಲಿಲ್ಲ?’

ಶಾಮಣ್ಣನವರು ಪಂಚೆಯ ಅಂಚನ್ನು ಮೊಣಕಾಲ ಕೆಳಗೆ ಸಿಕ್ಕಿಸಿಕೊಂಡರು. ಒಂದು ಬೆಳ್ಳಕ್ಕಿ ಹಾಯಿಯ ನೆರಳಿಗೆ ಬೆದರಿ ಎದ್ದು ಹೋಯಿತು. ‘ಸಣ್ಣೋನಿದ್ದಾಗ ಹಳ್ಳ ದಾಟೋಕೆ ತೆಪ್ಪ ಹತ್ತಿದ್ದು, ಅಷ್ಟೇ ನನಗೆ ದೋಣಿ ಅಂದ್ರೆ. ಅದರಲ್ಲಿ ಯಾವಾಗಲೂ ನೀರು ಇರ್ತಿತ್ತು. ದೋಣಿ ಅಂದ್ಮೇಲೆ ಇಷ್ಟು ಇರೋದೇ ಅಂದ್ಕೊಂಡೆ. ಒಂದು ಸುತ್ತು ಹೋಗಿ ಬಂದ್ಬಿಡಬಹುದು ಅನ್ನೋ ಆಸೆ. ಎದ್ದುಬಿಟ್ರೆ ಆ ಸುತ್ತು ತಪ್ಪಿಹೋಗುತ್ತಲ್ಲ.’ ಬೆಳ್ಳಕ್ಕಿ ಹೋದ ದಿಕ್ಕು ನೋಡುತ್ತ ಅಂದರು, ‘ಆಮೇಲೆ ಬರಲಿಲ್ಲ ಅಂತ ಶಾರದೆ ಬೇಜಾರು ಮಾಡ್ಕೊಂಡ್ಳು. ಹೇಗೆ ಬರೋದು? ಇಡೀ ತಾಲ್ಲೂಕು ನೋಡ್ತಿರುವಾಗ ನೀರುಗಂಟಿ ಬೆನ್ನ ಮೇಲೆ ಕೂತ್ಕೊಂಡು, ಕೊಡೆ ಹಿಡ್ಕೊಂಡು. ನೀವು ನೆನೆಸ್ಕೊಂಡು ನಗ್ತಿರಬಹುದು ಅಂತ ನನಗೆ.’

‘ನಾನಾ?’ ಎಂದ ದತ್ತಾತ್ರಿ. ಆಮೇಲೆ ಆ ಚಿತ್ರ, ಇಷ್ಟು ತಿಂಗಳು ಅವನನ್ನು ನಾಚಿಕೆಯಿಂದ ಹಿಂಡಿದ್ದ ಆ ಎತ್ತಿ ಹಿಡಿದ ಕೊಡೆ, ಮೊದಲ ಸಲ ಬೇರೆ ಥರ ಕಂಡಿತು. ನಗು ತಡೆದುಕೊಳ್ಳಲು ನೋಡಿದ. ಆಗಲಿಲ್ಲ. ಶಾಮಣ್ಣನವರು ಅವನ ಮುಖವನ್ನೇ ನೋಡುತ್ತಿದ್ದರು; ಮೀಸೆಯ ಕೆಳಗೆ ಅವರಿಗೂ ಏನೋ ಸಡಿಲವಾಯಿತು. ಮೊದಲು ಹೆಗಲು ಕುಲುಕಿತು, ಆಮೇಲೆ ಹೊಟ್ಟೆ. ಇಬ್ಬರೂ ಸದ್ದಿಲ್ಲದೆ, ಏರಿಯ ಮೇಲಿನವರಿಗೆ ಕಾಣಬಾರದೆಂದು ತಲೆ ತಗ್ಗಿಸಿಕೊಂಡು, ದೋಣಿ ಅಲುಗಾಡುವಷ್ಟು ನಕ್ಕರು.

ನಗು ನಿಂತಾಗ ಗಾಳಿಯೂ ನಿಂತಿತ್ತು. ಹಾಯಿ ಒಗೆದ ಸೀರೆಯ ಹಾಗೆ ಜೋತುಬಿತ್ತು. ಕೆರೆಯ ನಟ್ಟನಡುವೆ ನೀರು ಗಾಜಿನ ಹಾಗೆ ಗಟ್ಟಿಯಾಗಿ, ದೋಣಿ ಅದರಲ್ಲಿ ಹುಗಿದಂತೆ ನಿಂತಿತು. ದಡದಿಂದ ಕೂಗುಗಳು ತೇಲಿ ಬಂದವು. ಎಳೀರಿ, ಬಿಡ್ರಿ, ಎಡಕ್ಕೆ, ಬಲಕ್ಕೆ. ಉಗ್ರಪ್ಪನ ದನಿ ಎಲ್ಲಕ್ಕಿಂತ ದೊಡ್ಡದು: ‘ಸಾಮೀ, ತೆಪ್ಪ ತತ್ತೀನಿ, ಹಗ್ಗ ಕಟ್ಟಿ ಎಳ್ಕಂಬತ್ತೀನಿ.’

ದತ್ತಾತ್ರಿ ಅಭ್ಯಾಸದಂತೆ ಬೇಗ ಒಪ್ಪಿಕೊಳ್ಳಲು ಕೈ ಎತ್ತಿದ. ಶಾಮಣ್ಣನವರು ಕೂತಲ್ಲಿಂದಲೇ ಹೆಗಲ ಟವೆಲು ತೆಗೆದು ಅಡ್ಡಡ್ಡ ಬೀಸಿದರು. ‘ಬೇಡಪ್ಪಾ’ ಎಂದು ಕಚೇರಿಯ ದನಿಯಲ್ಲಿ ಕೂಗಿದರು. ‘ನಮಗೆ ಇಲ್ಲಿ ಕೆಲಸ ಇದೆ.’ ಆಮೇಲೆ ಟವೆಲನ್ನು ತಲೆಗೆ ಸುತ್ತಿಕೊಂಡು, ‘ಆ ಕೋಲು ಇತ್ಲಾಗೆ ಕೊಡಿ ನೋಡೋಣ, ಹೇಗೆ ಹಿಡಿಯೋದು’ ಎಂದರು.

ಇಬ್ಬರೂ ಜಾಗ ಬದಲಾಯಿಸಿದರು. ದೋಣಿ ಒಮ್ಮೆ ಗಾಬರಿಯಾಗುವಷ್ಟು ವಾಲಿ ಸರಿಯಾಯಿತು. ದತ್ತಾತ್ರಿ ಚುಕ್ಕಾಣಿಯ ಹಿಡಿಯ ಮೇಲೆ ಅವರ ಕೈ ಇರಿಸಿ, ಈ ಕಡೆ ತಳ್ಳಿದರೆ ಆ ಕಡೆ ಹೋಗುತ್ತೆ ಎಂದು ತೋರಿಸಿದ. ಆಮೇಲೆ ಮಾಡಲು ಏನೂ ಇರಲಿಲ್ಲ. ದೂರದ ಏರಿಯ ಮೇಲೆ ಶಾರದಾಂಬಾ ಕೂತುಬಿಟ್ಟಿರುವುದು, ಹುಡುಗಿಯರು ಅವಳ ಸುತ್ತ ಕೂತು ಏನೋ ಹಂಚಿಕೊಂಡು ತಿನ್ನುತ್ತಿರುವುದು ಚುಕ್ಕಿ ಚುಕ್ಕಿಯಾಗಿ ಕಾಣುತ್ತಿತ್ತು. ಅವರೆಲ್ಲ ತನ್ನ ಬಗ್ಗೆಯೇ ಮಾತಾಡುತ್ತಿರಬಹುದು. ಮಾತಾಡಲಿ. ದತ್ತಾತ್ರಿ ಕಾಲು ಚಾಚಿ, ಒಣಗಿದ ತಳಕ್ಕೆ ಬೆನ್ನು ಕೊಟ್ಟು, ಹಾಯಿಗಂಬದ ತುದಿಯನ್ನು ನೋಡುತ್ತ ಮಲಗಿದ.

ಎಷ್ಟು ಹೊತ್ತು ಹಾಗಿದ್ದರೋ. ಕೋಡಿಯ ಕಡೆಯಿಂದ ನೀರಿನ ಮೇಲೆ ಕಪ್ಪನೆಯ ಒಂದು ಪಟ್ಟೆ ಹರಿದು ಬಂತು. ಕೆನ್ನೆ ತಣ್ಣಗಾಯಿತು. ಹಾಯಿ ಒಮ್ಮೆ ಮಿಸುಕಿತು, ಬಡಿದುಕೊಂಡಿತು, ತುಂಬಿತು. ದತ್ತಾತ್ರಿ ಎದ್ದು ಕೂತು ಹಗ್ಗ ಸೆಳೆದ. ದೋಣಿ ಚಲಿಸಿತು, ಬೇಗ ಬೇಗ ಚಲಿಸಿತು. ಅಂಚಿನಲ್ಲಿ ನೊರೆ ಎದ್ದಿತು. ಶಾಮಣ್ಣನವರು ಎರಡೂ ಕೈಯಲ್ಲಿ ಚುಕ್ಕಾಣಿ ಹಿಡಿದು, ಟವೆಲು ಸುತ್ತಿದ ತಲೆಯನ್ನು ನೆಟ್ಟಗೆ ಇಟ್ಟುಕೊಂಡು ಮುಂದೆ ನೋಡುತ್ತಿದ್ದರು. ಏರಿ, ಜನ, ಟ್ರ್ಯಾಕ್ಟರು ಎಲ್ಲ ಅವರ ಬೆನ್ನ ಹಿಂದೆ ಇತ್ತು.

‘ಮಾವ, ದಡ ಆ ಕಡೆ’ ಎಂದ ದತ್ತಾತ್ರಿ.

‘ನನಗೂ ಕಣ್ಣು ಕಾಣುತ್ತೆ ಕಣ್ರೀ’ ಎಂದರು ಶಾಮಣ್ಣನವರು. ‘ನೀವು ಹಗ್ಗ ಬಿಡಬೇಡಿ.’